ತಿಕೋಟಾ ಸಾವಕಾರರ ನಾಣ್ಯದ ಪಾಕೀಟುಗಳು

ಟಾಂಗಾದಿಂದ ಟ್ರಂಕು ಇಳಿಸುವಾಗ ಅದರ ಒಂದು ಹಿಡಿಕೆಯನ್ನು ಅಕ್ಕೋರೇ ಹಿಡಿದಿದ್ದರು. ಟಾಂಗಾದವನು ಬೇಡವೆಂದರೂ ಬಿಡಲಿಲ್ಲ. ಬಬಲೇಶ್ವರದಿಂದ ಬರುವಾಗ ಕಂಡಕ್ಟರನ ಜೊತೆ ಜಗಳವಾಡಿ, ಅದನ್ನು ಬಸ್ಸಿನ ಮೇಲೆ ಹಾಕಗೊಡದೆ, ಕಾಲ ಬುಡದಲ್ಲೇ ಇಟ್ಟುಕೊಂಡು ತಂದಿದ್ದರಂತೆ. ನನ್ನ ಅಂಗಡಿಯ ಗಾದಿಯ ಮುಂದೆ ಅದನ್ನು ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಸರಾಫ್ರ, ಇದರಾಗ ನಮ್ಮ ಹುಡುಗ್ಯಾರ ಎರಡು ಖೋಲಿ ಅದಾವ. ಜ್ವಾಕಿ."

ಅವರು ಬಬಲೇಶ್ವರದ ಹೆಣ್ಣುಮಕ್ಕಳ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ. ಊರೆಲ್ಲ ಅಕ್ಕೋರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಆಗ ಆ ಹೈಸ್ಕೂಲು ಎಂದರೆ ಎಂಟನೆಯ ಇಯತ್ತೆ ಒಂದೇ. ಅದಕ್ಕೂ ಸ್ವಂತ ಗೋಡೆಗಳಿರಲಿಲ್ಲ. ಪಾಠಕ್ಕೆ ಎರಡು ಖೋಲಿ, ಅಂದರೆ ಕೋಣೆ, ಕಟ್ಟಿ ತೋರಿಸಿದರೆ ಮಾತ್ರ ಒಂಬತ್ತು ಮತ್ತು ಹತ್ತಕ್ಕೆ ಪರವಾನಗಿ ಎಂದು ಮೇಲಿನವರು ಹೇಳಿದ್ದರು. ಊರವರು ಹತ್ತು ಸಾವಿರ ರೂಪಾಯಿಯ ವಂತಿಗೆ ತೋರಿಸಿದರೆ ಸರ್ಕಾರ ಅಷ್ಟೇ ಹಣವನ್ನು ತಾನೂ ಹಾಕುತ್ತಿತ್ತು. ವಂತಿಗೆ ನಗದಾಗಿಯೇ ಇರಬೇಕೆಂದೇನೂ ಇಲ್ಲ. ವಸ್ತು ಕೊಟ್ಟರೂ ನಡೆಯುತ್ತದೆ, ಆದರೆ ಅದರ ಕಿಮ್ಮತ್ತನ್ನು ಸರ್ಕಾರ ಒಪ್ಪುವಂಥ ಒಬ್ಬನು ಬರೆದುಕೊಡಬೇಕು. ಹೊಲ ಉಳುವಾಗ ಸಿಕ್ಕ ಹಳೆಯ ನಾಣ್ಯಗಳ ಗಡಿಗೆಗಳಿಗೆ ನಾನು ಕೋರ್ಟಿನ ಪರವಾಗಿ ಬೆಲೆ ಕಟ್ಟಿಕೊಡುತ್ತಿದ್ದೆ. ಹಾಗಾಗಿ ಬಿಜಾಪುರದ ಜೋರಾಪುರ ಪೇಟೆಯ ನನ್ನ ಸಣ್ಣ ಅಂಗಡಿಯ ಶಿಕ್ಕಾಕ್ಕೆ, ಅಂದರೆ ಮೊಹರಿಗೆ, ಕಚೇರಿಗಳಲ್ಲಿ ಒಂದಿಷ್ಟು ಮರ್ಯಾದೆ ಇತ್ತು. ಆ ಶಿಕ್ಕಾ ಹುಡುಕಿಕೊಂಡೇ ಅಕ್ಕೋರು ಬಂದಿದ್ದರು.

ಟ್ರಂಕು ಕೊಟ್ಟವರು ತಿಕೋಟಾದ ಒಬ್ಬ ಸಾವಕಾರರು. ಶೇಂಗಾ, ಜೋಳದ ಅಡತಿ ವ್ಯಾಪಾರ ಅವರದು. ಬಬಲೇಶ್ವರ ಅವರ ತಾಯಿಯ ತವರೂರು. ತೀರಿಕೊಂಡ ತಾಯಿಯ ಹೆಸರು ಎರಡೂ ಖೋಲಿಗಳ ಬಾಗಿಲ ಮೇಲೆ ಬರಬೇಕೆಂಬುದಷ್ಟೇ ಅವರ ಶರತ್ತು. ಕಲ್ಲು ಕೆತ್ತಲು ಕೊಟ್ಟೂ ಆಗಿತ್ತು.

ಟ್ರಂಕಿನ ಮುಚ್ಚಳ ತೆಗೆದೆ. ಒಳಗೆ ಸಾಲಾಗಿ ನಿಲ್ಲಿಸಿದ ಪಾಕೀಟುಗಳು, ನೂರಾ ನಲವತ್ತರ ಆಸುಪಾಸು. ಒಂದೊಂದೂ ಅಂಗೈ ಅಗಲದ ಪಾರದರ್ಶಕ ಪ್ಲಾಸ್ಟಿಕ್ಕಿನ ಲಕೋಟೆ, ನಾಲ್ಕೂ ಕಡೆ ಕಾಯಿಸಿ ಬೆಸೆದದ್ದು. ನಡುವೆ ನೀಲಿ ರಟ್ಟು, ರಟ್ಟಿನಲ್ಲಿ ಕೊರೆದ ತೂತುಗಳು, ತೂತಿಗೊಂದರಂತೆ ನಾಣ್ಯ: ಒಂದು ಪೈಸೆಯಿಂದ ಒಂದು ರೂಪಾಯಿಯವರೆಗೆ. ಮೇಲೆ ಬಂಗಾರದ ಬಣ್ಣದ ಇಂಗ್ಲಿಷ್ ಅಕ್ಷರಗಳು: ಇನ್ನೂ ಚಲಾವಣೆಗೆ ಬಾರದ ನಾಣ್ಯಗಳ ಸೆಟ್ಟು. ಕೆಳಗೆ ಇಸವಿ. ಕೆಲವು ಪಾಕೀಟುಗಳಲ್ಲಿ ಬೆಳ್ಳಿಯ ಹತ್ತು ರೂಪಾಯಿಯ ನಾಣ್ಯವೂ ಇತ್ತು. ರಟ್ಟಿನ ಮೂಲೆಯಲ್ಲಿ ಸಿಂಹದಂಥದೊಂದು ಮುದ್ರೆ. ದೂರದಿಂದ ನೋಡಿದವನು ಸರ್ಕಾರದ್ದೇ ಅಂದುಕೊಳ್ಳಬೇಕು, ಹತ್ತಿರ ಹಿಡಿದರೆ ಅಲ್ಲ.

"ಸಾವಕಾರ್ರು ಒಂದೊಂದಕ್ಕ ಎಪ್ಪತ್ತು ರೂಪಾಯಿ ಕೊಟ್ಟು ತಗೊಂಡಾರಂತ," ಅಂದರು ಅಕ್ಕೋರು. "ವರ್ಷಾ ಸೋಲಾಪುರದಿಂದ ಒಬ್ಬಾಂವ ಏಜೆಂಟ ಬಂದು ಕೊಟ್ಟು ಹೋಗ್ತಿದ್ದನಂತ. ಹತ್ತು ಸಾವಿರಕ್ಕ ಬರೋಬ್ಬರಿ ಆಗತೈತಿ ನೋಡ್ರಿ."

"ಕೊಂಡ ಬೆಲಿ ಬ್ಯಾರೆ, ಕಿಮ್ಮತ್ತು ಬ್ಯಾರೆರಿ ಅಕ್ಕೋರ. ನೋಡಿ ಹೇಳ್ತೀನಿ," ಅಂದೆ.

ಅವರು ನಕ್ಕರು. ಹಿಡಿದ ಕೆಲಸ ಮುಗಿಯಿತೆಂಬ ನಿರಾಳ ಆ ನಗುವಿನಲ್ಲಿತ್ತು.

ನನಗೆ ಮಾತ್ರ ನಿರಾಳವಿರಲಿಲ್ಲ. ಆದಿಲಶಾಹಿ ತಾಮ್ರದ ದುಡ್ಡು ಬಂದರೆ, ರಾಣಿ ಛಾಪಿನ ಬೆಳ್ಳಿ ರೂಪಾಯಿ ಬಂದರೆ ಕಣ್ಣು ಮುಚ್ಚಿ ಬೆಲೆ ಹೇಳಬಲ್ಲೆ. ಅವುಗಳಿಗೆ ಕೊಳ್ಳುವವರಿದ್ದಾರೆ, ರೂಢಿಯ ಬೆಲೆ ಇದೆ. ಟಂಕಸಾಲೆಯವರೇ ತಮ್ಮ ಪೆಟ್ಟಿಗೆಯಲ್ಲಿಟ್ಟು ಮಾರುವ ಹೊಸ ನಾಣ್ಯಗಳ ಸೆಟ್ಟಿಗೂ ಒಂದು ಬೆಲೆ ಇದೆ, ಯಾಕೆಂದರೆ ಒಳಗಿರುವುದು ಯಾರ ಕೈಯೂ ತಾಗದ ನಾಣ್ಯ ಎಂದು ಟಂಕಸಾಲೆ ಮಾತು ಕೊಟ್ಟಿರುತ್ತದೆ. ಈ ಪಾಕೀಟಿನ ಹಿಂದೆ ಅಂಥ ಮಾತು ಯಾರದೂ ಇರಲಿಲ್ಲ. ತಿರುಗಿಸಿ ನೋಡಿದೆ. ಕಟ್ಟಿದವನ ಹೆಸರಿಲ್ಲ, ಊರಿಲ್ಲ. ಹಾಗಾದರೆ ಪ್ಲಾಸ್ಟಿಕ್ಕು, ರಟ್ಟು, ಬಂಗಾರದ ಅಕ್ಷರ ಇವನ್ನೆಲ್ಲ ಬಿಟ್ಟು ಒಳಗಿನ ನಾಣ್ಯವನ್ನೇ ಕೇಳಬೇಕು.

ಬೆಳಗಿನ ಬಿಸಿಲು ಅಂಗಡಿಯ ಕಟ್ಟೆಯ ಮೇಲೆ ಓರೆಯಾಗಿ ಬೀಳುವ ಹೊತ್ತಿನಲ್ಲಿ ಈ ಕೆಲಸ ಮಾಡಬೇಕು. ಹೊಸ ನಾಣ್ಯವನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಬೆಳಕು ಅದರ ಮೇಲೆ ಬಂಡಿಗಾಲಿಯ ಅರೆಗಳಂತೆ ಸುತ್ತುತ್ತದೆ. ಅಚ್ಚು ಬೀಳುವಾಗ ಲೋಹ ನಡುವಿನಿಂದ ಅಂಚಿಗೆ ಹರಿದಿರುತ್ತದಲ್ಲ, ಆ ಹರಿವಿನ ಸೂಕ್ಷ್ಮ ಗೆರೆಗಳ ಆಟ ಅದು. ನಾಲ್ಕು ಜನರ ಜೇಬು ಸುತ್ತಿ ಬಂದರೆ ಆ ಗೆರೆಗಳು ಅಳಿಯುತ್ತವೆ. ಆಮೇಲೆ ಅದನ್ನು ಎಷ್ಟು ತಿಕ್ಕಿದರೂ ಕನ್ನಡಿಯ ಹಾಗೆ ಹೊಳೆಯುತ್ತದೆಯೇ ಹೊರತು ಬೆಳಕು ಸುತ್ತುವುದಿಲ್ಲ. ನಾನು ಪಾಕೀಟುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದೆ. ಕೆಲವುಗಳಲ್ಲಿ ಬೆಳಕು ಸುತ್ತಿತು. ಹೆಚ್ಚಿನವು ಸುಮ್ಮನೆ ಥಳಥಳಿಸಿದವು.

ಭೂತಗನ್ನಡಿ ಹಿಡಿದು ನೋಡಿದೆ. ಮೂರು ಸಿಂಹಗಳಲ್ಲಿ ನಡುವಿನದರ ಎದೆಯ ಕೂದಲು ನಾಣ್ಯದ ಅತಿ ಎತ್ತರದ ಜಾಗ. ಸವೆಯುವುದು ಮೊದಲು ಅಲ್ಲೇ. ಅರ್ಧ ರೂಪಾಯಿಗಳಲ್ಲಿ ಆ ಕೂದಲು ಎಷ್ಟೋ ಕಡೆ ನುಣ್ಣಗಾಗಿತ್ತು. ಇಸವಿಗಳನ್ನು ತಾಳೆ ಹಾಕಿದೆ. ರಟ್ಟಿನ ಮೇಲೆ ಎಪ್ಪತ್ತು ಎಂದಿದ್ದರೆ ರೂಪಾಯಿಯ ಮೇಲೆ ಅರವತ್ತೆರಡು. ಎಪ್ಪತ್ತರ ಇಸವಿಯ ರೂಪಾಯಿ ನನಗೆ ಬಜಾರದಲ್ಲಿ ಎಂದೂ ಸಿಕ್ಕಿರಲಿಲ್ಲ, ಪಾಕೀಟು ಕಟ್ಟಿದವನಿಗೂ ಸಿಕ್ಕಿರಲಿಕ್ಕಿಲ್ಲ. ಇಸವಿಯ ಕೆಳಗಿನ ಟಂಕಸಾಲೆಯ ಗುರುತು ಒಂದೇ ಪಾಕೀಟಿನಲ್ಲಿ ಮೂರು ತರಹ. ಇನ್ನು ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ. ಅದರಲ್ಲಿ ಬಂಗಾರ ಸೇರಿದೆ ಎಂಬ ಸುದ್ದಿ ಹಬ್ಬಿ ಜನ ಅದನ್ನು ಬಚ್ಚಿಡುತ್ತಿದ್ದ ಕಾಲ ಅದು. ಪಾಕೀಟಿನೊಳಗೆ ಅದರ ಅಂಚಿನಲ್ಲಿ ಹಸಿರು ಜಿಡ್ಡು ಕೂತಿತ್ತು. ಪ್ಲಾಸ್ಟಿಕ್ಕು ಬೇಸಿಗೆಗೆ ಬೆವರಿ ನಾಣ್ಯವನ್ನು ತಿನ್ನುತ್ತಿತ್ತು. ಕಾಪಾಡಲೆಂದು ಕಟ್ಟಿದ ಪಾಕೀಟೇ ಒಳಗಿನದನ್ನು ಕೆಡಿಸುತ್ತಿತ್ತು.

ಆದರೂ ತೀರ್ಮಾನಕ್ಕೆ ಬರಲು ಮನಸ್ಸಾಗಲಿಲ್ಲ. ನನಗೆ ಗೊತ್ತಿಲ್ಲದ ಮಾರುಕಟ್ಟೆಯೊಂದು ಎಲ್ಲೋ ಇರಬಹುದು. ಪಾಕೀಟನ್ನು ಪಾಕೀಟೆಂದೇ ಕೊಳ್ಳುವ ಹವ್ಯಾಸದವರಿರಬಹುದು. ಹಾಗಿದ್ದರೆ ನನ್ನ ಭೂತಗನ್ನಡಿಯ ಲೆಕ್ಕವೇ ತಪ್ಪು. ಹಾಗೆ ತಪ್ಪಾಗಲಿ ಎಂದೇ ಆಸೆಪಟ್ಟೆ. ಎರಡು ಪಾಕೀಟುಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಸೋಲಾಪುರದ ರೈಲು ಹತ್ತಿದೆ.

ಅಲ್ಲಿ ನನ್ನ ತಂದೆಯ ಕಾಲದ ಪರಿಚಯದ ಒಬ್ಬ ನಾಣ್ಯದ ವ್ಯಾಪಾರಿ ಇದ್ದ. ಅವನ ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ಅದೇ ನೀಲಿ ರಟ್ಟು, ಅದೇ ಬಂಗಾರದ ಅಕ್ಷರ ಕಂಡವು. ಚೀಟಿಯ ಮೇಲೆ ಎಪ್ಪತ್ತೈದು ರೂಪಾಯಿ. ನನ್ನ ಎದೆ ಹಗುರವಾಯಿತು. ಚಹಾ ಬರುವ ಮೊದಲೇ ನನ್ನವೆರಡನ್ನು ಅವನ ಮುಂದೆ ಇಟ್ಟೆ.

"ಇಂಥಾವು ನೂರಾ ನಲವತ್ತು ಅದಾವ. ಅರವತ್ತಕ್ಕ ಒಂದರಂಗ ತಗೋ."

ಅವನು ಪಾಕೀಟನ್ನು ಮುಟ್ಟಲೂ ಇಲ್ಲ. "ಬ್ಯಾಡ."

"ನಲವತ್ತು?"

"ಬ್ಯಾಡ ಭಾಯಿ."

"ಹೋಗ್ಲಿ, ಇಪ್ಪತ್ತು."

ಅವನು ನಗತೊಡಗಿದ. "ನಿನಗ ತಿಳೀವಲ್ದು? ಇದು ನನ್ನ ಕಪಾಟಿನೊಳಗ ಇರೂತನಕ ಎಪ್ಪತ್ತೈದು. ಹೊರಗ ಹೋತಂದ್ರ ಎರಡು ರೂಪಾಯಿ ಹದಿನಾರು ಪೈಸೆ. ಕೊಂಡಾವ ಯಾವಾಗರೆ ತಿರುಗಿ ಮಾರಾಕ ಬಂದ್ರ ನಾ ಅಂಗಡಿ ಬಾಗಿಲಾ ಹಾಕ್ತೀನಿ."

ಎರಡು ರೂಪಾಯಿ ಹದಿನಾರು ಪೈಸೆ ಎಂದರೆ ಒಳಗಿನ ನಾಣ್ಯಗಳ ಮುಖಬೆಲೆಯ ಮೊತ್ತ. ಬ್ಯಾಂಕಿನಿಂದ ಬಂದ ಹೊಸ ನಾಣ್ಯದ ಚೀಲ ಸಿಕ್ಕಾಗ ಹೊಸವನ್ನು ಹಾಕುತ್ತಾರೆ, ಸಿಗದಿದ್ದಾಗ ಬಜಾರದ್ದನ್ನೇ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಹಾಕುತ್ತಾರೆ ಎಂದೂ ಅವನೇ ಹೇಳಿದ, ಸಂಕೋಚವಿಲ್ಲದೆ. ಚಹಾ ಕುಡಿಯದೆ ಎದ್ದು ಬಂದೆ.

ಬೆಲೆ ಎಂದರೆ ಮಾರುವವನು ಕೇಳುವ ಮೊತ್ತವಲ್ಲ. ವಸ್ತು ಕೈಯಲ್ಲಿ ಹಿಡಿದು ಹೋದರೆ ಕೊಳ್ಳುವವನು ಎಣಿಸಿ ಕೊಡುವ ಮೊತ್ತ. ಈ ಒಂದು ವಿಷಯದಲ್ಲಿ ಸರಾಫನಾದವನು ತನಗೆ ತಾನು ಸುಳ್ಳು ಹೇಳಿಕೊಳ್ಳುವಂತಿಲ್ಲ. ಮುಖಬೆಲೆ ಹಿಡಿದೆ. ಬೆಳ್ಳಿಯ ನಾಣ್ಯಗಳಿಗೆ ಬೆಳ್ಳಿಯ ತೂಕದಷ್ಟು ಹಿಡಿದೆ. ನಿಜವಾಗಿ ಹೊಸದಾಗಿದ್ದ ಕೆಲವಕ್ಕೆ ಹವ್ಯಾಸದವರು ಕೊಡಬಹುದಾದ ನಾಲ್ಕಾಣೆ, ಎಂಟಾಣೆ ಮೇಲೆ ಹಾಕಿದೆ. ಎಷ್ಟು ಧಾರಾಳ ಮಾಡಿದರೂ ಹನ್ನೊಂದು ನೂರು ದಾಟಲಿಲ್ಲ.

ಈ ಸುದ್ದಿಯನ್ನು ಯಾರ ಕೈಯಲ್ಲೂ ಹೇಳಿ ಕಳಿಸುವಂತಿರಲಿಲ್ಲ. ನಾನೇ ಬಬಲೇಶ್ವರಕ್ಕೆ ಹೋದೆ.

ಹೈಸ್ಕೂಲು ನಡೆಯುತ್ತಿದ್ದುದು ಪಂಚಾಯ್ತಿಯ ಗೋದಾಮಿನಲ್ಲಿ. ಅರ್ಧಕ್ಕೆ ಗೋಣಿತಟ್ಟಿನ ಪರದೆ. ಆಚೆ ರಸಗೊಬ್ಬರದ ಚೀಲಗಳು, ಈಚೆ ಮೂವತ್ತು ಹುಡುಗಿಯರು. ಒಳಗೆ ಕಾಲಿಟ್ಟೊಡನೆ ಗೊಬ್ಬರದ ಘಾಟು ಕಣ್ಣಿಗೆ ಹತ್ತಿತು. ಹುಡುಗಿಯರು ಮೂಗಿಗೆ ಸೆರಗು, ಓಢಣಿ ಹಿಡಿದು ಬರೆಯುತ್ತಿದ್ದರು. ಅದು ಅವರಿಗೆ ರೂಢಿಯಾಗಿ ಹೋಗಿತ್ತು. ಕಾಖಂಡಕಿಯಿಂದ ಬರುವವರು ಐದಾರು ಜನ ಇದ್ದರು. ಗಂಡುಹುಡುಗರ ಹೈಸ್ಕೂಲು ಇತ್ತು, ಆದರೆ ಅಲ್ಲಿಗೆ ಕಳಿಸಲು ಅವರ ಮನೆಯವರು ಒಪ್ಪುತ್ತಿರಲಿಲ್ಲ. ಎಂಟು ಮುಗಿಯಿತೆಂದರೆ ಅವರ ಓದು ಮುಗಿಯಿತು.

ಅಕ್ಕೋರು ನನ್ನನ್ನು ಹೊರಗಿನ ಬೇವಿನ ಮರದ ಕೆಳಗೆ ಕರೆದುಕೊಂಡು ಬಂದರು. ಹೇಳಿದೆ.

"ಹನ್ನೊಂದು ನೂರು," ಅಂದರು. "ಹತ್ತು ಸಾವಿರದಾಗ ಹನ್ನೊಂದು ನೂರು."

"ಹೂಂನ್ರಿ."

"ಸರಾಫ್ರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಸಾವಕಾರ್ರು ಹತ್ತು ಸಾವಿರ ಕೊಟ್ಟು ತಗೊಂಡಿದ್ದಂತೂ ಖರೇ ಐತಿ. ನೀವು ಹತ್ತು ಸಾವಿರ ಅಂತ ಬರದು ಕೊಡ್ರಿ. ಸರ್ಕಾರದ ಹತ್ತು ಸಾವಿರ ಬರತೈತಿ. ಅದರಾಗ ಗ್ವಾಡಿ ಏಳತಾವ. ಕಲ್ಲು ಊರಾವ್ರು ಕೊಡ್ತಾರ, ಕೆಲಸಕ್ಕ ಆಳು ಊರಾವ್ರು ಆಗ್ತಾರ. ಇದರಾಗ ಯಾರ ಗಂಟು ಹೋಗತೈತಿ ಹೇಳ್ರಿ?"

"ಸರ್ಕಾರದ್ದು ಹೋಗತೈತಿರಿ."

"ಸರ್ಕಾರದ್ದು ಹೋಗಿ ಎಲ್ಲಿಗೆ ಬರತೈತಿ? ಈ ಹುಡುಗ್ಯಾರ ತಲಿಮ್ಯಾಲೆ ಮಾಳಗಿ ಆಗಿ ಬರತೈತಿ. ನಾಳೆ ಯಾರರೆ ಟ್ರಂಕ ತಗದು ನೋಡಿ ಕೇಳಿದ್ರ, ನಾ ಸುಳ್ಳು ಹೇಳಿ ಬರಸ್ಕೊಂಡೇನಿ ಅಂತೀನಿ. ಜೇಲಿಗೆ ನಾ ಹೋಗ್ತೀನಿ."

ಅಕ್ಕೋರು ಇದನ್ನು ತಮಾಷೆಗೆ ಹೇಳಲಿಲ್ಲ. ಹೋಗಲು ಸಿದ್ಧರಾಗಿಯೇ ಇದ್ದರು. ಆದರೆ ಕೇಳುವವರು ಬಂದರೆ ಶಿಕ್ಕಾ ಯಾರದೆಂದು ಕೇಳುತ್ತಾರೆ. ಮೂರು ತಲೆಮಾರಿನ ಆ ಶಿಕ್ಕಾವನ್ನು ಆಮೇಲೆ ಯಾವ ಕೋರ್ಟೂ ನಂಬುವುದಿಲ್ಲ. ಅದನ್ನೂ ಮೀರಿ, ನೂರು ರೂಪಾಯಿಯ ವಸ್ತುವನ್ನು ಸಾವಿರ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಅದು ಧರ್ಮ ಎನ್ನುವಷ್ಟು ದೊಡ್ಡದೇನೂ ಅಲ್ಲ, ಕಸುಬು ಅಷ್ಟೆ.

"ನನಗ ಆಗೂದಿಲ್ಲರಿ ಅಕ್ಕೋರ," ಅಂದೆ. "ಆದರ ಇನ್ನೊಂದು ಹಾದಿ ಐತಿ. ಸಾವಕಾರ್ರು ರೊಕ್ಕ ಇದ್ದಾವ್ರು. ಮೋಸ ಆಗೇತಿ ಅಂತ ಗೊತ್ತಾದ್ರ ಉಳಿದದ್ದನ್ನ ರೊಕ್ಕದಾಗ ಕೊಡಬಹುದು. ತಾಯಿ ಹೆಸರಿನ ಮಾತು ನೋಡ್ರಿ. ನಾ ಹೋಗಿ ಮಾತಾಡ್ತೀನಿ."

"ಹೆಂಗರೆ ಮಾಡ್ರಿ," ಅಂದರು ಅವರು. "ನನಗ ಖೋಲಿ ಬೇಕು."

ತಿಕೋಟಾಕ್ಕೆ ಹೋದ ದಿನ ಸಾವಕಾರರ ಅಡತಿ ಅಂಗಡಿಯಲ್ಲಿ ಶೇಂಗಾದ ವಹಿವಾಟು ಜೋರಾಗಿತ್ತು. ಚಕ್ಕಡಿಗಳು ಬಾಗಿಲ ತನಕ ನಿಂತಿದ್ದವು. ಹಮಾಲರು ಚೀಲ ಹೊತ್ತು ಓಡಾಡುತ್ತಿದ್ದರು. ಗಾದಿಯ ಮುಂದೆ ರೈತರು ಕುಳಿತಿದ್ದರು. ಸಾವಕಾರರು ಐವತ್ತು ದಾಟಿದ ಗಟ್ಟಿ ಆಳು, ಬಿಳಿ ಧೋತರ, ಕರಿ ಟೋಪಿ. ನನ್ನನ್ನು ಕಂಡೊಡನೆ ಎದ್ದು ಬಂದು ಕೈ ಹಿಡಿದರು.

"ಬರ್ರಿ, ಬರ್ರಿ ಸರಾಫ್ರ! ನಮ್ಮವ್ವನ ಕೆಲಸಾ ಎಲ್ಲೀತನಕ ಬಂತು?"

"ಒಳಗ ಕುಂತು ಮಾತಾಡೂಣ್ರಿ," ಅಂದೆ.

"ಒಳಗ ಯಾಕ? ದಾನದ ಮಾತು. ಮುಚ್ಚೂದೇನೈತಿ? ಇವರೆಲ್ಲಾರೂ ಕೇಳ್ಲಿ."

ಒಳಗೆ ಹೋಗೋಣವೆಂದು ಇನ್ನೊಮ್ಮೆ ಹೇಳಿದೆ. ಅವರು ನನ್ನ ರಟ್ಟೆ ಹಿಡಿದು ಗಾದಿಯ ಮೇಲೆ ಕೂಡಿಸಿದರು. ಹೇಳುವುದನ್ನು ಆದಷ್ಟು ಮೆತ್ತಗೆ ಹೇಳಿದೆ. ಪಾಕೀಟುಗಳನ್ನು ಸರ್ಕಾರ ಕಟ್ಟಿದ್ದಲ್ಲ, ಖಾಸಗಿಯವರು ಕಟ್ಟಿದ್ದು. ಅಂಥವಕ್ಕೆ ತಿರುಗಿ ಮಾರುವ ಬೆಲೆ ಇಲ್ಲ. ಒಳಗಿನ ನಾಣ್ಯಗಳಲ್ಲಿ ಹೆಚ್ಚಿನವು ಬಳಸಿದ್ದನ್ನು ತಿಕ್ಕಿದ್ದು.

"ಅಂದ್ರ ಖೊಟ್ಟಿ ಅಂತೀರೇನು?"

"ಖೊಟ್ಟಿ ಅಲ್ಲರಿ ಸಾವಕಾರ್ರ. ನಾಣ್ಯ ಖರೇನ ಅದಾವ. ಹೊಸಾವು ಅನ್ನೂದಷ್ಟ ಸುಳ್ಳು."

ರೈತರು ಇತ್ತ ತಿರುಗಿದರು. ಸಾವಕಾರರು ಗುಮಾಸ್ತೆಯನ್ನು ಕರೆದು, ಮನೆಯಲ್ಲಿ ತಮಗಾಗಿ ಇಟ್ಟುಕೊಂಡಿದ್ದ ಒಂದು ಪಾಕೀಟನ್ನು ತರಿಸಿದರು. ಎಲ್ಲಕ್ಕಿಂತ ಒಳ್ಳೆಯದೆಂದು ಏಜೆಂಟನೇ ಆರಿಸಿಕೊಟ್ಟದ್ದಂತೆ. "ಆ ಮನಷ್ಯಾ ನಮ್ಮ ಮನ್ಯಾಗ ಉಂಡಾನ. ನಮ್ಮವ್ವ ಬಡಿಸ್ಯಾಳ ಅವಂಗ," ಅಂದರು. ಆಮೇಲೆ ಹಮಾಲನೊಬ್ಬನ ಸೊಂಟದಲ್ಲಿದ್ದ ಚೀಲ ಬಿಚ್ಚುವ ಚೂರಿ ಇಸಿದುಕೊಂಡು ನನ್ನ ಕೈಗಿಟ್ಟರು. "ಕತ್ತರಸ್ರಿ. ಎಲ್ಲಾರ ಮುಂದ ಕತ್ತರಸ್ರಿ. ನಿಮ್ಮ ಮಾತು ಸುಳ್ಳಾದ್ರ ಹತ್ತು ಸಾವಿರ ಬರದು ಶಿಕ್ಕಾ ಹೊಡೀಬೇಕು."

ಬೆಸೆದ ಪಾಕೀಟನ್ನು ಕತ್ತರಿಸಿದರೆ ಮತ್ತೆ ಅದು ಪಾಕೀಟಾಗುವುದಿಲ್ಲ. ಅಲ್ಲಿಯವರೆಗೆ ನಾನು ಒಂದನ್ನೂ ಕತ್ತರಿಸಿರಲಿಲ್ಲ, ಹೊರಗಿನಿಂದಲೇ ನೋಡಿದ್ದೆ. ಕತ್ತರಿಸದೆ ಎದ್ದು ಹೋಗಬಹುದಿತ್ತು. ಹೋದರೆ, ಸರಾಫ ಹೆದರಿದ ಎನ್ನುತ್ತಾರೆ, ಟ್ರಂಕಿನ ಬೆಲೆ ಹತ್ತು ಸಾವಿರವೆಂದೇ ಉಳಿಯುತ್ತದೆ. ಒಳಗನ್ನು ಕಣ್ಣಾರೆ ಕಂಡರೆ ಸಾವಕಾರರ ಸಿಟ್ಟು ಏಜೆಂಟನ ಮೇಲೆ ತಿರುಗುತ್ತದೆ, ನನ್ನ ಮೇಲಲ್ಲ. ಆಮೇಲೆ ತಾಯಿಯ ಹೆಸರಿಗಾಗಿ ಕೈ ಬಿಚ್ಚುತ್ತಾರೆ. ಹೀಗೆ ಯೋಚಿಸಿ ಚೂರಿ ಹಾಕಿದೆ.

ಒಳಗಿನಿಂದ ಕೆಟ್ಟ ಎಣ್ಣೆಯಂಥ ವಾಸನೆ ಎದ್ದಿತು. ಇಪ್ಪತ್ತು ಪೈಸೆ ರಟ್ಟಿಗೆ ಅಂಟಿಕೊಂಡು, ಎಬ್ಬಿಸಿದಾಗ ಹಸಿರು ಗುರುತು ಬಿಟ್ಟು ಬಂತು. ರೂಪಾಯಿಯನ್ನು ಅವರದೇ ಬಿಳಿ ಧೋತರದ ಚುಂಗಿನಲ್ಲಿ ಒರೆಸಿ ತೋರಿಸಿದೆ. ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡಿತು, ತಿಕ್ಕಿದ ಮಸಿ. ಅಂಚನ್ನು ಬೆರಳಿನಿಂದ ಸವರಲು ಹೇಳಿದೆ. ಹೊಸ ನಾಣ್ಯದ ಅಂಚಿನ ಹಲ್ಲುಗಳು ಉಗುರಿಗೆ ತಾಗಬೇಕು. ಅವರ ಉಗುರು ಎಲ್ಲಿಯೂ ತಡೆಯದೆ ಜಾರಿತು. ಎಷ್ಟೋ ವರ್ಷಗಳಿಂದ ರೊಕ್ಕ ಎಣಿಸುತ್ತ ಬಂದ ಕೈ ಅದು. ಬೇರೆ ಯಾರ ಸಾಕ್ಷಿಯೂ ಬೇಕಾಗಲಿಲ್ಲ.

ಹಿಂದೆ ಯಾರೋ ಒಬ್ಬ ಹಮಾಲ ಕಿಸಕ್ಕನೆ ನಕ್ಕ.

ಸಾವಕಾರರ ಮುಖ ಬಿಳಿಚಿತು. "ನಮ್ಮವ್ವನ ಹೆಸರಿಲೆ ನಾ ಸವಕಲ ರೊಕ್ಕ ಕೊಟ್ಟಂಗಾತು," ಅಂದರು, ಯಾರಿಗೆಂದಿಲ್ಲದೆ.

"ನಿಮ್ಮದು ತಪ್ಪಲ್ಲರಿ. ಮೋಸ ಮಾಡಿದಾಂವ ಬ್ಯಾರೆ," ಅಂದೆ. "ಸಾಲಿ ಕೆಲಸಾ ನಿಲ್ಲಬಾರದು ನೋಡ್ರಿ. ಉಳಿದದ್ದನ್ನ ನೀವು ರೊಕ್ಕದಾಗ..."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆ ಕ್ಷಣ ನನ್ನ ಲೆಕ್ಕ ತಪ್ಪಿತೆಂದು ತಿಳಿಯಿತು. ಅವರ ಸಿಟ್ಟಿಗೆ ಏಜೆಂಟ ಸಿಗುತ್ತಿರಲಿಲ್ಲ. ಎದುರಿಗೆ ಕೂತಿದ್ದವನು ನಾನು.

"ನನ್ನ ಅಂಗಡ್ಯಾಗ ಕುಂತು, ನನ್ನ ಮಂದಿ ಮುಂದ, ನನ್ನ ಕಿಮ್ಮತ್ತು ಕಟ್ಟಾಕ ಬಂದಿರೇನು?" ದನಿ ಏರಲಿಲ್ಲ. "ದಾನ ಕೊಟ್ಟಾಂವನ ಕಡೆ ಲೆಕ್ಕಾ ಕೇಳ್ತೀರಿ? ಆ ಟ್ರಂಕ ತಿರುಗಿ ಕಳಸ್ರಿ. ಕಲ್ಲು ಕೆತ್ತೂದು ಬ್ಯಾಡ ಅಂತ ಹೇಳಿ ಕಳಸ್ತೀನಿ."

ಚೆಲ್ಲಾಪಿಲ್ಲಿಯಾಗಿದ್ದ ನಾಣ್ಯಗಳನ್ನು ಅಂಗೈಯಿಂದ ಬಳಿದು ಗಲ್ಲಾಪೆಟ್ಟಿಗೆಗೆ ಸುರಿದರು. ದಿನದ ಚಿಲ್ಲರೆಯೊಳಗೆ ಅವು ಬೆರೆತುಹೋದವು. ಮುಂದಿನ ರೈತನ ಲೆಕ್ಕ ಚುಕ್ತಾ ಮಾಡುವಾಗ ಅದೇ ರೂಪಾಯಿ ಅವನ ಕೈಗೆ ಹೋಗಿದ್ದರೂ ಹೋಗಿರಬಹುದು.

ಟ್ರಂಕು ತಿಕೋಟಾಕ್ಕೆ ಹೋಯಿತು. ಹನ್ನೊಂದು ನೂರಾದರೂ ಉಳಿಯಿತೇ ಎಂದರೆ ಅದೂ ಉಳಿಯಲಿಲ್ಲ. ಅಕ್ಕೋರು ಹೈಸ್ಕೂಲಿನ ಸಮಿತಿಯವರನ್ನು ಕಟ್ಟಿಕೊಂಡು ಸಾವಕಾರರ ಮನೆಗೆ ಎರಡು ಸಲ ಹೋದರು. ಒಮ್ಮೆ ಅವರು ಮನೆಯಲ್ಲಿಲ್ಲವೆಂದರು, ಇನ್ನೊಮ್ಮೆ ಇದ್ದೂ ಹೊರಗೆ ಬರಲಿಲ್ಲ. ಊರಲ್ಲಿ ಮನೆಮನೆ ಪಟ್ಟಿ ಎತ್ತಿದರು. ಕೂಡಿದ್ದು ಸಾಲಲಿಲ್ಲ. ಅರ್ಜಿಯ ಅವಧಿ ಮುಗಿಯಿತು, ಸರ್ಕಾರದ ಹಣ ಬೇರೆ ಊರಿನ ಪಾಲಾಯಿತು.

ಆ ಬೇಸಿಗೆಯಲ್ಲಿ ಅಕ್ಕೋರು ನನಗೆ ಬಿಜಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಅಷ್ಟು ಮಂದ್ಯಾಗ ಯಾಕ ಕತ್ತರಿಸಿದ್ರಿ?"

"ಅವರೇ ಚೂರಿ ಕೊಟ್ಟರಿ. ನಾ ಒಳಗ ಹೋಗೂಣು ಅಂದೆ..."

"ಹೌದ್ರಿ. ನಿಮ್ಮದೇನೂ ತಪ್ಪಿಲ್ಲ," ಅಂದರು. ಹಾಗೆ ಅಂದವರು ನನ್ನ ಮುಖ ನೋಡಲಿಲ್ಲ, ಬಬಲೇಶ್ವರದ ಬಸ್ಸು ಹತ್ತಿ ಹೋದರು.

ಮುಂದಿನ ವರ್ಷ ಸಮಿತಿಯ ಕಾರ್ಯದರ್ಶಿ ಅಂಗಡಿಗೆ ಬಂದು ಒಂದು ಸುದ್ದಿ ಹೇಳಿದರು. ಸಾವಕಾರರು ಅದೇ ಟ್ರಂಕನ್ನು ದೂರದ ಊರಿನ ಒಂದು ಹುಡುಗರ ವಸತಿ ನಿಲಯಕ್ಕೆ ಕೊಟ್ಟಿದ್ದರು. ಯಾವನೋ ಒಬ್ಬ ಬೆಲೆ ಕಟ್ಟುವವನು ಹನ್ನೆರಡು ಸಾವಿರವೆಂದು ಬರೆದುಕೊಟ್ಟಿದ್ದ. ಆ ಕಾಗದದ ಮೇಲೆ ಸರ್ಕಾರದ ಪಾಲು ಬಂದಿತ್ತು. ನಾನು ನಂಬಲಿಲ್ಲ. ಒಂದು ಮದುವೆಗೆ ಆ ದಿಕ್ಕಿಗೆ ಹೋದಾಗ ಬೇಕೆಂದೇ ಬಸ್ಸಿಳಿದು ನೋಡಿಬಂದೆ. ಕಲ್ಲಿನ ಕಟ್ಟಡ, ಗಟ್ಟಿ ಬಾಗಿಲುಗಳು. ಬಾಗಿಲ ಮೇಲೆ ತಾಯಿಯ ಹೆಸರು. ಪಡಸಾಲೆಯಲ್ಲಿ ಹುಡುಗರು ಗದ್ದಲ ಮಾಡುತ್ತ ಉಣ್ಣುತ್ತಿದ್ದರು. ಗೋಡೆಗೆ ಕೈಯಿಟ್ಟು ನೋಡಿದೆ. ಗಿಲಾವು ಚೆನ್ನಾಗಿ ಕೂತಿತ್ತು. ಸುಳ್ಳು ಕಾಗದದ ಮೇಲೆ ಎದ್ದ ಗೋಡೆ ನಿಂತಿರಲು ಏನೂ ಅಡ್ಡಿ ಇರಲಿಲ್ಲ.

ಅಡುಗೆಯವನು ಊಟಕ್ಕೆ ಕರೆದ. ಒಲ್ಲೆನೆಂದು ಬಂದೆ.

ಅದಾಗಿ ಸ್ವಲ್ಪ ದಿನಕ್ಕೆ ಅಕ್ಕೋರು ಜೋರಾಪುರ ಪೇಟೆಗೆ ಬಂದರು. ಒಬ್ಬರೇ ಬಂದಿದ್ದರು. ಕೈಯೊರೆಸಿನ ಗಂಟು ಬಿಚ್ಚಿ ಒಂದು ಜೊತೆ ಬಂಗಾರದ ಪಾಟ್ಲಿ ಗಾದಿಯ ಮೇಲೆ ಇಟ್ಟರು. ಕೈಗಳಲ್ಲಿ ಗಾಜಿನ ಬಳೆ ಮಾತ್ರ ಇದ್ದವು.

"ಇವನ್ನ ತಗೋತೀರೇನ್ರಿ?"

ಯಾಕೆಂದು ಕೇಳಿದೆ. ಬಬಲೇಶ್ವರದಲ್ಲಿ ಒಂದು ಮನೆ ಬಾಡಿಗೆಗೆ ಸಿಕ್ಕಿದೆ, ಎರಡು ಖೋಲಿಯದು ಎಂದರು. ಪರವಾನಗಿ ಇಲ್ಲದಿದ್ದರೆ ಇಲ್ಲ. ಹುಡುಗಿಯರನ್ನು ಅಲ್ಲಿ ಕೂಡಿಸಿ ತಾವೇ ಕಲಿಸುವುದು, ಹತ್ತನೆಯ ಇಯತ್ತೆಯ ಪರೀಕ್ಷೆಗೆ ಹೊರಗಿನವರಾಗಿ ಕಟ್ಟಿಸುವುದು.

"ಎಷ್ಟು ಮಂದಿ ಬರ್ತಾರ್ರಿ?"

"ಒಂಬತ್ತು ಹುಡುಗ್ಯಾರು. ಉಳಿದಾವ್ರು ಮನಿ ಹಿಡದಾರ. ಕಾಖಂಡಕಿಯವರಾಗ ಇಬ್ಬರ ಲಗ್ನ ಆಗೇತಿ. ಒಬ್ಬಾಕಿ ಭಾಳ ಶ್ಯಾಣೇಕಿ ಇದ್ದಳು. ಗಣಿತದಾಗ ನನಗ ಹೇಳಿಕೊಡುವಂಥಾಕಿ." ಅಲ್ಲಿಗೆ ನಿಲ್ಲಿಸಿದರು. "ನೋಡ್ರಿ, ಬಂಗಾರ ನೋಡ್ರಿ."

ಪಾಟ್ಲಿಯನ್ನು ಒರೆಗಲ್ಲಿಗೆ ಎಳೆದೆ. ಒಳ್ಳೆಯ ಬಂಗಾರ, ಹಳೆಯ ಕೆಲಸ. ತಕ್ಕಡಿಗೆ ಹಾಕಿದೆ. ಮೂರೂವರೆ ತೊಲ ಬಂತು. ನನ್ನ ಬೆನ್ನಿನಿಂದ ತಕ್ಕಡಿಯನ್ನು ಮರೆಮಾಡಿಕೊಂಡು, ತೂಕದ ಬಟ್ಟುಗಳನ್ನು ತೆಗೆದಿಡುತ್ತ, "ನಾಕು ತೊಲಿಗಿಂತ ಒಂಚೂರು ಹೆಚ್ಚ ಐತ್ರಿ," ಅಂದೆ.

ಅವರು ಹಣೆಯ ಬೆವರನ್ನು ಸೆರಗಿನಿಂದ ಒತ್ತಿಕೊಂಡರು.

"ಇವು ನಮ್ಮಪ್ಪ ಮಾಡಿಸಿದ್ದು, ಸರಾಫ್ರ. ಮೂರೂವರಿ ತೊಲಿ. ನನಗ ಗೊತ್ತೈತಿ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಹೆಚ್ಚು ಹೇಳೂ ಮನಸ ನಿಮಗ ಇತ್ತಂದ್ರ ಅವತ್ತ ಹೇಳಬೇಕಿತ್ತರಿ. ಇವತ್ತ ಬರೋಬ್ಬರಿ ತೂಗ್ರಿ."

ನಾನು ಬಟ್ಟುಗಳನ್ನು ಮತ್ತೆ ತಟ್ಟೆಗೆ ಹಾಕಿದೆ. ಈ ಸಲ ಅವರು ಮುಂದೆ ಬಾಗಿ, ಮುಳ್ಳು ನೆಟ್ಟಗೆ ನಿಲ್ಲುವ ತನಕ ತಕ್ಕಡಿಯನ್ನೇ ನೋಡುತ್ತ ನಿಂತರು.